ಡ್ರೈವರ್ ಸೀಟಿನ ಕೆಳಗೆ

ಕುಮಾರಸ್ವಾಮಿ ಸ್ಕ್ರೂಡ್ರೈವರಿನಿಂದ ತುಕ್ಕನ್ನು ಮೆಲ್ಲಗೆ ಕೆರೆದದ್ದಷ್ಟೇ, ಸ್ಕ್ರೂಡ್ರೈವರೇ ಕಾರಿನ ತಳವನ್ನು ತೂರಿಕೊಂಡು ಅಂಗಳದ ಮಣ್ಣಿಗೆ ಬಿತ್ತು. ಡ್ರೈವರ್ ಸೀಟು ಬಿಚ್ಚಿಟ್ಟ ಜಾಗದಲ್ಲಿ ಅಂಗೈಯಗಲದ ತೂತು. ಎರಡು ವರ್ಷದ ಹಿಂದೆ ಇದೇ ಜಾಗಕ್ಕೆ ಹೊಸ ತಗಡು ಬೆಸೆದು, ರೆಡ್ ಆಕ್ಸೈಡ್ ಬಳಿದು, ಇನ್ನು ತಾನಿರುವವರೆಗೆ ಚಿಂತೆಯಿಲ್ಲ ಎಂದು ಬೀಗಿದ್ದ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಗುರುಸಿದ್ದಯ್ಯ ರೇಷ್ಮೆ ಸೀರೆಯ ಗಂಟು ಹೇರಿಕೊಂಡು ಊರೂರು ಸುತ್ತಿದ್ದ ಅಂಬಾಸಡರ್ ಇದು. ಮಳೆ ಬಿದ್ದರೆ ಇಡೀ ಕಾರಿಗೆ ಬೀಳುತ್ತದೆ. ಪಕ್ಕದ ಸೀಟಿನ ತಳ ಗಟ್ಟಿಯಾಗಿದೆ, ಡಿಕ್ಕಿ ಗಟ್ಟಿಯಾಗಿದೆ. ಡ್ರೈವರ್ ಮೇಲೆ ಮಾತ್ರ ತುಕ್ಕಿಗೆ ಯಾಕಿಷ್ಟು ಪ್ರೀತಿ? ಸೋಮವಾರದಿಂದ ಮಗಳು ಲಿಖಿತಾ ಇದೇ ಸೀಟಿನಲ್ಲಿ ಕೂತು ಯಳಂದೂರಿಗೆ ಕೆಲಸಕ್ಕೆ ಹೋಗುವವಳು. ಲೈಸೆನ್ಸ್ ಬಂದು ತಿಂಗಳೂ ಆಗಿಲ್ಲ.

ತೂತಿನ ಅಂಚಿಗೆ ಒದ್ದೆ ಬಿಳಿ ಹರಳುಗಳು ಅಂಟಿದ್ದವು. ಬೆರಳಿಗೆ ಹತ್ತಿಸಿ ನಾಲಿಗೆಗೆ ಮುಟ್ಟಿಸಿದ. ಉಪ್ಪು! ಕೊಳ್ಳೇಗಾಲಕ್ಕೆ ಸಮುದ್ರ ಯಾವಾಗ ಬಂತು ಎಂದು ಗಟ್ಟಿಯಾಗೇ ಗೊಣಗಿದ.

"ನಾನೇ ಆಕಿದ್ದು" ಎಂದಳು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವನ ತಾಯಿ ಗೋವಿಂದಮ್ಮ, ತಲೆಯನ್ನೂ ಎತ್ತದೆ. "ಅಮಾಸೆ ಅಮಾಸೆಗೂ ನಿವಾಳ್ಸಿ ಸೀಟಿನ್ ಕೆಳ್ಗೆ ಆಕ್ತಿದ್ದೆ. ನಿಮ್ಮಪ್ಪ ಇರಗಂಟ ಅವ್ರಿಗೆ. ಆಮೇಲೆ ನಿಂಗೆ."

"ಅವ್ವಾ, ಉಪ್ಪು ಕಬ್ಬಿಣ ತಿಂತದ ಕಣವ್ವಾ."

"ತಿನ್ಲಿ ಅಂತಾನೇ ಆಕದು. ದೃಷ್ಟಿ ಎಳ್ಕಂಡ ಉಪ್ಪು ನೀರಾಯ್ತದ. ಪ್ರತಿ ಸಲವೂ ನೀರಾಗೇ ಇರ್ತಿತ್ತು. ಈಗ ನೋಡು, ತಗಡ್ನೇ ತಿಂದದ. ಇದ್ನ ತಿನ್ದೆ ಇದ್ದಿದ್ರ ನಿನ್ನ ತಿಂತಿತ್ತು."

"ಒಂದು ಸ್ಟೀಲ್ ಡಬ್ಬೀಲಾದ್ರೂ ಆಕ್ಬಾರ್ದಿತ್ತಾ?"

"ಮುಚ್ಚಳ ತಗ್ದು ಒಳಿಕೋಗಕ ದೃಷ್ಟಿಗೇನು ಕೈ ಇದ್ದದಾ?"

ಕುಮಾರಸ್ವಾಮಿಗೆ ಸಿಟ್ಟು ಬಂತು, ಆದರೆ ಅರ್ಧಕ್ಕೇ ನಿಂತಿತು. ಅಪ್ಪನಿಗೆ ಅಷ್ಟು ವರ್ಷದಲ್ಲಿ ಒಂದು ಗೀರೂ ಆಗಿರಲಿಲ್ಲ. ತನಗೂ ಸತ್ತೇಗಾಲದ ಹತ್ತಿರ ಟೈರು ಸಿಡಿದಾಗ ಕಾರು ಸದ್ದಿಲ್ಲದೆ ಬದಿಗೆ ಸರಿದು ನಿಂತಿತ್ತು. ಅದು ಬ್ರೇಕಿನ ಪುಣ್ಯವೋ, ಉಪ್ಪಿನದೋ? ಇಂಥ ಯೋಚನೆ ಬಂದದ್ದಕ್ಕೆ ತನಗೇ ನಾಚಿಕೆಯಾಯಿತು.

"ಇನ್ಮೇಲೆ ಈ ಕಾರೊಳಕ್ಕೆ ಒಂದು ಹರಳು ಉಪ್ಪೂ ಬರಕೂಡ್ದು" ಎಂದ ಜೋರಾಗಿ.

"ನಿನ್ ಮಗ್ಳು, ನಿನ್ನಿಷ್ಟ" ಎಂದು ಗೋವಿಂದಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಸಂಜೆಗೆ ಹೊಸ ತಗಡು ಕೂತು, ಬಣ್ಣವೂ ಒಣಗಿತು. ಸೋಮವಾರ ಬೆಳಿಗ್ಗೆ ಲಿಖಿತಾ ಅಜ್ಜಿಯ ಕಾಲಿಗೆ ನಮಸ್ಕರಿಸಿ ಕಾರು ಹತ್ತಿದಳು. ಗೋವಿಂದಮ್ಮ ಮಗ ಹೇಳಿದಂತೆ ಬರಿಗೈಯಲ್ಲೇ ನಿಂತಿದ್ದಳು. ಕಾರಿನ ಮೂತಿ ಇನ್ನೇನು ರಸ್ತೆಗೆ ಇಳಿಯುವುದರಲ್ಲಿತ್ತು, ಕಬ್ಬಿನ ಲಾರಿಯೊಂದು ಹಾರನ್ ಹೊಡೆಯುತ್ತ ಗಾಳಿಯೆಬ್ಬಿಸಿಕೊಂಡು ಹಾದುಹೋಯಿತು. ಲಿಖಿತಾ ಗಕ್ಕನೆ ಬ್ರೇಕ್ ಒತ್ತಿ, ಅಪ್ಪನ ಕಡೆ ನೋಡಿ ನಕ್ಕಳು.

ಹೊರಟವರನ್ನು ಕರೆದು ನಿಲ್ಲಿಸಬಾರದು ಎಂಬುದನ್ನೂ ಮರೆತು ಕುಮಾರಸ್ವಾಮಿ ಕೈ ಅಡ್ಡ ಹಿಡಿದ. ಆಮೇಲೆ ತಾಯಿಯ ಬಳಿಗೆ ಬಂದು, ಮಗಳಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಕೇಳಿದ:

"ಅವ್ವಾ, ನಂಗೆ ಎಷ್ಟು ಆಕ್ತಿದ್ದೆ?"

"ಒಂದು ಹಿಡಿ."

"ಇವ್ಳಿಗೆ ಎರಡು ಆಕು."