ಕೆರೆಯಂಚಿನ ಪೊದೆ

ಜ್ವರದಿಂದ ಮಲಗಿದ್ದ ಶಿವಲೀಲಾಳ ಕತ್ತಿನ ಕೆಳಗೆ ಬೀಡಿಯಿಂದ ಸುಟ್ಟಂಥ ಕಪ್ಪು ಕಲೆ ಕಂಡು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗಂಡ ಈರಪ್ಪ ಕಿಡಿಕಿಡಿಯಾದ.

“ಹುಲ್ಲಿನ ನೆವಾ ಮಾಡಿ ಕೆರೀ ಪೊದ್ಯಾಗ ಯಾರನ್ನ ಕೂಡಾಕ ಹೋಗ್ತಿದ್ದಿ?”

“ನಡೀರಿ, ನಿಮ್ಮ ಕಣ್ಣಮುಂದನ ಡಾಕ್ಟರನ್ನ ಕೇಳೂಣು,” ಎಂದು ಅವಳು ತೂರಾಡುತ್ತಲೇ ಎದ್ದು ನಿಂತಳು.

ಡಾಕ್ಟರು ಕಲೆ ನೋಡಿದರು. “ಇದು ಕಣ್ಣಿಗೆ ಕಾಣದಂಥ ಸಣ್ಣ ನುಸಿ ಹುಳ ಕಡಿದ ಗುರುತವ್ವಾ, ಜ್ವರಾನೂ ಅದರಿಂದನ ಬಂದೈತಿ. ಮಳಿ ಮುಗದ ಮ್ಯಾಲ ತೇವದ ಪೊದ್ಯಾಗ ಹೆಚ್ಚತಾವ. ಪ್ಯಾಟ್ಯಾಗ ಇರೂದಿಲ್ಲ. ಗುಳಿಗಿ ಕೊಡ್ತೀನಿ, ಆರಾಮ ಆಕ್ಕೈತಿ.”

ಆಮೇಲೆ ಅವರು ಈರಪ್ಪನ ಕಡೆ ತಿರುಗಿದರು. “ನೀವೂ ನಡಗಾಕ ಹತ್ತೀರಲ್ಲ? ಅಂಗಿ ತಗೀರಿ.”

ಅವನ ಬೆನ್ನ ಮೇಲೂ ಅಂಥದೇ ಕಪ್ಪು ಕಲೆ ಇತ್ತು.

ಶಿವಲೀಲಾ ಅವನನ್ನೇ ದಿಟ್ಟಿಸಿದಳು. “ನಾ ಎಮ್ಮಿಗೆ ಹುಲ್ಲು ಕೊಯ್ಯಾಕ ಹೋಗಿದ್ದೆ. ನೀವು ಯಾತಕ್ಕ ಹೋಗಿದ್ರಿ?”