ದನಿ ಬರುವಷ್ಟರಲ್ಲಿ

ಡೀಸೆಲ್ ಕದ್ದನೆಂಬ ಆರೋಪ ಹೊತ್ತ ಬಸ್ ಚಾಲಕ ಯಮನೂರಪ್ಪ ಸೈಬರ್ ಅಂಗಡಿಯಲ್ಲಿ ವಿಡಿಯೋ ವಿಚಾರಣೆಗೆ ಕೂತಿದ್ದ. ಪರದೆಯ ಮೇಲೆ ಮೂವರು ಸಾಹೇಬರ ಬಾಯಿ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ. "ನಾ ಕದ್ದಿಲ್ರೀ!" ಎಂದು ಕೂಗಿದ. ಅವರಿಗೂ ಕೇಳಿಸಲಿಲ್ಲ. ಅಂಗಡಿಯವನತ್ತ ತಿರುಗಿದ.

"ಏನಾತಲೇ ನಿನ್ನ ಡಬ್ಬಿಗೆ?"

"ಇದರಾಗ ವಿಂಡೋಸ್ ಅಲ್ಲ, ಲಿನಕ್ಸ್ ಐತಣ್ಣ. ನಿನ್ನಿ ಈ ಕಾಲ್ ಸಾಫ್ಟ್‌ವೇರ್ ಅಪ್ಡೇಟ್ ಆತು, ಈಗ ಹಳೆ ಸೌಂಡ್ ಸಿಸ್ಟಮ್ ಒಲ್ಲೆ ಅಂತೈತಿ. ಹೊಸಾದು ಹಾಕಾಕ ಹತ್ತೇನಿ." ಅಂಗಡಿಯವ ಕೀಲಿಮಣೆ ಕುಟ್ಟತೊಡಗಿದ.

"ನಂದು ಹನ್ನೊಂದು ವರ್ಷದ ನೌಕರಿ ಹೊಕ್ಕೈತಿ, ಇದಕ್ಕ ಹೊಸಾದು ಬೇಕಂತ! ಲಗೂನ ಮಾಡೋ ಮಾರಾಯ."

"ಬೈಕೋತ ಕುಂದರಬ್ಯಾಡ, ಅವರತ್ತ ನೋಡು. ಸುಮ್ನ ಕುಂತ್ರ ಲೈನ್ ಹೋಗೇತಂತ ಕಟ್ ಮಾಡ್ತಾರ. ಕೇಳ್ದವರಂಗ ಗೋಣು ಹಾಕ್ಕೋತ ಇರು."

ಯಮನೂರಪ್ಪ ಬೆವರೊರೆಸಿಕೊಂಡು ಕೈಮುಗಿದ. ನಡುವಿನ ಸಾಹೇಬರು ಕಾಗದ ಎತ್ತಿ ಏನೋ ಕೇಳಿದರು. ಅವನು ಗೋಣು ಹಾಕಿದ. ಮತ್ತೊಮ್ಮೆ ಒತ್ತಿ ಕೇಳಿದರು. ಇನ್ನೂ ಜೋರಾಗಿ ಹಾಕಿದ. ಅವರು ಪೆನ್ನು ತೆಗೆದರು.

ಸ್ಪೀಕರ್ ಗರ್ ಎಂದು ಬಾಯಿಬಿಟ್ಟಿತು.

"...ಎರಡು ಸಲ ಕೇಳಿದೆ, ಎರಡು ಸಲಾನೂ ತಪ್ಪು ಒಪ್ಪಿಕೊಂಡಾನ. ವಜಾ ಅಂತ ಬರ್ಕೊಳ್ರಿ. ಮುಂದಿನವರನ್ನ ಕರೀರಿ."