ಹೂವೇರಿಸಿಕೊಂಡ ಕಾರ್ಡು

ಹೊಸ ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಕೂಡಿಸಿ ಮೌನೇಶ ಹೂವೇರಿಸಿದ್ದ. ಆದರೂ ಗೇಮಿನ ಫ್ರೇಮುಗಳು ಕುಂಟುತ್ತಲೇ ಬರುತ್ತಿದ್ದವು. ಬೈಗುಳವೆಲ್ಲ ಅಕ್ಕ ನೀಲಮ್ಮ ಕೊಟ್ಟ ಹಳೆಯ ಪ್ರೊಸೆಸರಿಗೆ.

"ಅಕ್ಕಾ, ಲೆಕ್ಕ ಹಾಕೂದು ನೀ ಕೊಟ್ಟ ಈ ಮುದುಕನ ಕೆಲಸ, ಚಿತ್ರ ಬಿಡಿಸೂದು ನನ್ನ ಕಾರ್ಡಿಂದು. ಅಂವ ಲೆಕ್ಕ ಒಪ್ಪಿಸೂತನಕ ನನ್ನ ರಾಜಾ ಸುಮ್ಮನ ಕುಂತಿರಬೇಕೇನು? ಅಂವನ್ನ ಕಿತ್ತು ಒಗೀತೀನಿ. ಸಂಜೀ ಪಂದ್ಯಕ್ಕ ನೀನೂ ಬರಬ್ಯಾಡ."

ಅವರ ಗೇಮಿನ ತಂಡದಲ್ಲಿ ಗುರಿ ತಪ್ಪದವಳು ನೀಲಮ್ಮ ಒಬ್ಬಳೇ. ಅವಳು ಸಿಟ್ಟು ನುಂಗಿಕೊಂಡು, "ಒಗಿಯೂಕಿಂತ ಮೊದಲ ಹಿಂದ ಒಮ್ಮೆ ನೋಡೂಣು," ಎಂದು ಪೆಟ್ಟಿಗೆಯನ್ನು ತಿರುಗಿಸಿದಳು. ಬಾಡಿದ ಹೂವಿನ ಕೆಳಗೆ ಕಾರ್ಡು ಬಣ್ಣಬಣ್ಣದ ದೀಪ ಮಿನುಗಿಸುತ್ತ ಕೂತಿತ್ತು.

"ತಮ್ಮಾ, ಮಾನಿಟರಿನ ವಯರು ಇನ್ನೂ ಹಳೇ ತೂತಿನಾಗ ಐತಿ, ನಿನ್ನ ರಾಜಾಗ ಹಚ್ಚೇ ಇಲ್ಲಲ್ಲೋ. ಇಷ್ಟು ದಿನ ಲೆಕ್ಕದ ಜೋಡಿ ಚಿತ್ರಾನೂ ಈ ಮುದುಕನ ಬಿಡಿಸ್ಯಾನ."